ಸ್ಪೀಕರಿನೊಳಗಿನ ಅಪ್ಪ

ವೈಟ್ನರ್ ನಾರುತ್ತಿದ್ದ ಕರವಸ್ತ್ರವನ್ನು ಪ್ರಿನ್ಸಿಪಾಲ್ ಅಮೃತಾ ಮೇಡಂ ಎರಡೇ ಬೆರಳಲ್ಲಿ ಎತ್ತಿ, ಟಿ.ಸಿ. ಪುಸ್ತಕದ ಪಕ್ಕಕ್ಕಿಟ್ಟರು. "ಅಪ್ಪನ ನಂಬರ್ ಹೇಳು."

ಯಲಬುರ್ಗಾ ಕಾಲೇಜಿನ ಹಿಂಗೋಡೆಯ ಬಳಿ ನಶೆಗೆಂದು ಅದನ್ನು ಮೂಸುತ್ತ ಸಿಕ್ಕಿಬಿದ್ದಿದ್ದ ಪಿಯುಸಿ ಹುಡುಗ ಸುಭಾಷ ಹೇಳಿದ್ದು ಗೆಳೆಯ ಮಾಜೀದನ ನಂಬರು. ಮಾಜೀದ ಊರಿನ ಅರ್ಧ ಜನರ ದನಿಯನ್ನು ತದ್ರೂಪು ತೆಗೆಯುತ್ತಿದ್ದ. ಅದರಲ್ಲೂ ಸುಭಾಷನ ಅಪ್ಪ, ಬಸ್ ಕಂಡಕ್ಟರ್ ಕೊಟ್ರೇಶನ ದನಿಯೆಂದರೆ ನೀರು ಕುಡಿದಷ್ಟು ಸಲೀಸು.

ಮೇಡಂ ಸ್ಪೀಕರ್ ಹಾಕಿದರು.

"ಯಾರ್ರೀ? ಲಗೂ ಹೇಳ್ರಿ, ಕುಷ್ಟಗಿ ಗಾಡಿ ಬಿಡಾಕತ್ತೈತಿ!" ಫೋನು ಗದರಿತು.

"ನಿಮ್ಮ ಮಗ ವೈಟ್ನರ್ ಮೂಸಾಕತ್ತಿದ್ದ. ಟಿ.ಸಿ. ಕೊಡ್ಲೇನ್ರಿ?"

"ವೈ... ವೈಟ್ನರಾ?" ಫೋನು ತೊದಲಿತು. ಕಾಲೇಜಿನಿಂದ ಹಾಜರಿಯ ದೂರು ಬಂದರೆ ಅಪ್ಪನಾಗಿ ಮಾತಾಡಲು ಒಪ್ಪಿ, ಅಷ್ಟಕ್ಕೇ ತಯಾರಾಗಿದ್ದ ಮಾಜೀದನಿಗೆ ಈ ಸಂಗತಿ ಗೊತ್ತಿರಲಿಲ್ಲ. ಅಷ್ಟರಲ್ಲಿ ಕಾಲೇಜಿನ ಜವಾನನಿಂದ ಸುದ್ದಿ ತಿಳಿದು, ಬಸ್‌ಸ್ಟ್ಯಾಂಡಿನಿಂದ ಓಡಿಬಂದ ನಿಜವಾದ ಕೊಟ್ರೇಶ ಖಾಕಿ ಅಂಗಿಯಲ್ಲೇ ಬಾಗಿಲಲ್ಲಿ ನಿಂತ. ಸುಭಾಷನ ಮುಖ ವೈಟ್ನರಿಗಿಂತ ಬೆಳ್ಳಗಾಯಿತು.

"ಟಿ.ಸಿ. ಬ್ಯಾಡ್ರಿ ಮೇಡಂ," ಎಂದ ಫೋನಿನೊಳಗಿನ ಕೊಟ್ರೇಶ. ದನಿ ಇಳಿದಿತ್ತು. "ಟೆಸ್ಟಿನ್ಯಾಗ ಮಾರ್ಕ್ಸ್ ಕಮ್ಮಿ ಬಿದ್ದಾಗಿಂದ ಅಂವ ನೆಟ್ಟಗ ನಿದ್ದಿ ಮಾಡಿಲ್ಲ. ಬಸ್ಸಿನ್ಯಾಗ ಒದರಿದಂಗ ನಾ ಮನ್ಯಾಗೂ 'ಮುಂದ ಹೋಗು, ಮುಂದ ಹೋಗು' ಅಂತೀನಿ. ಎಲ್ಲಿಗಂತ ಹೋದಾನು? ಸುಭಾಷಾ, ಮಾರ್ಕ್ಸ್ ಹೋದ್ರ ಹೋಗ್ಲಿ, ನೀ ಮನಿಗೆ ಬಾ. ಆ ಹೊಲಸು ಬಿಟ್ಬಿಡಲೇ, ದೋಸ್ತ..."

ಕೊನೆಯ ಶಬ್ದಕ್ಕೆ ಕಂಡಕ್ಟರನ ದನಿ ಒಡೆದು ಹುಡುಗನದಾಯಿತು.

ಮೇಡಂ ಫೋನನ್ನೊಮ್ಮೆ, ಬಾಗಿಲನ್ನೊಮ್ಮೆ ನೋಡಿದರು. ಕೊಟ್ರೇಶ ಒಳಬಂದು ಫೋನಿನತ್ತ ಬಗ್ಗಿದ. "ಯಾರಲೇ ನೀ?"

"ಮಾ... ಮಾಜೀದ್ರಿ, ಕಾಕಾ."

"ನನಗಿಂತ ಛಲೋ ಅಪ್ಪ ಆಗೀಯಲ್ಲಲೇ!" ಕೊಟ್ರೇಶ ಫೋನಿಗೆ ಇನ್ನೂ ಹತ್ತಿರ ಸರಿದ. "ಆ 'ಮನಿಗೆ ಬಾ' ಅಂದಿಯಲ್ಲ, ಇನ್ನೊಮ್ಮೆ ಅನ್ನು. ನನ್ನ ದನಿಯಾಗ ಹೆಂಗ ಬರ್ತೈತಿ, ಕಲ್ಕೋತೀನಿ."

ಫೋನು ಅಂಜುತ್ತ ಇನ್ನೊಮ್ಮೆ ಹೇಳಿತು. ಮೇಡಂ ಟಿ.ಸಿ. ಪುಸ್ತಕವನ್ನು ಸದ್ದಿಲ್ಲದೆ ಡ್ರಾಯರಿಗೆ ಸೇರಿಸಿದರು. "ನಾಳೆ ಅಪ್ಪ-ಮಗ ಇಬ್ರೂ ಬರ್ರಿ. ಡಾಕ್ಟರ್ ಕಡೆ ಹೋಗೂಣು, ನಾನೂ ಬರ್ತೀನಿ."

ಕೊಟ್ರೇಶ ಮಗನತ್ತ ತಿರುಗಿದ. "ಮುಂ..." ಎಂದು ರೂಢಿಯಂತೆ ಬಾಯಿಗೆ ಬಂದದ್ದನ್ನು ನುಂಗಿಕೊಂಡ. ಗೋಡೆಬದಿಯ ಬೆಂಚಿನ ತುದಿಗೆ ಸರಿದು ಕೂತು, ಪಕ್ಕದ ಜಾಗವನ್ನು ಅಂಗೈಯಿಂದ ತಟ್ಟಿದ.

"ಇಲ್ಲಿ ಸೀಟ್ ಐತಿ. ಕುಂದ್ರಪಾ."