ನಡುಹೊಳೆಯ ಮತ

ಅಧ್ಯಕ್ಷರ ಚುನಾವಣೆಯ ದಿನ ಪಂಪವ್ವ ಎಂದಿನಂತೆ ಹರಿಗೋಲು ಹತ್ತಿ ನಡುಹೊಳೆಗೆ ಬಂದಳು. ಹೊಳೆಯಾಚೆಯದು ಬೇರೆ ದೇಶ. ಎರಡು ದೇಶಗಳ ಒಪ್ಪಂದದಂತೆ ಮತ ಹಾಕುವುದು ನಡುಹೊಳೆಯಲ್ಲೇ; ಒಂದು ದಡದವರು ಯಾರಿಗೇ ಮತ ಹಾಕಿದರೂ ಇನ್ನೊಂದು ದಡದ ಜೊತೆಗಾರರು ಅದನ್ನು ನೋಡಿ, ಪಕ್ಕದಲ್ಲಿ ಹೆಬ್ಬೆಟ್ಟು ಒತ್ತಬೇಕು, ಒಲ್ಲೆ ಎನ್ನುವಂತಿಲ್ಲ. ಪಂಪವ್ವನ ಜೊತೆಗಾರ್ತಿ ಹುಲಿಗೆವ್ವ ಆಗಲೇ ತನ್ನ ಹರಿಗೋಲಿನಲ್ಲಿ ಎದುರಿಗೆ ಕೂತು ಎಲೆಯಡಿಕೆ ಮಡಿಸುತ್ತಿದ್ದಳು.

“ನಿನ್ನ ತಮ್ಮ ಹೆಂಗದಾನ?” ಎಂದು ಕೇಳಿದಳು.

“ಒಂದ ಕಾಲಾಗ ಎಷ್ಟು ಚೆಂದ ಇರ್ತಾನಕ್ಕಾ? ಇನ್ನೊಂದು ನಿಮ್ಮ ತೋಪಿನ ಗುಂಡಿಗೆ ಹೋತಲ್ಲ.”

ಚೀಟಿಯಲ್ಲಿ ಎರಡು ಗುರುತುಗಳಿದ್ದವು. ತೋಪಿನ ಗುರುತಿನವನು ಆಚೆ ದಡಕ್ಕೆ ಗುರಿಯಿಟ್ಟು ದಡದುದ್ದಕ್ಕೂ ತೋಪು ನಿಲ್ಲಿಸುವವನು. ಸೇತುವೆಯ ಗುರುತಿನವನು ಆಚೆಯವರೊಡನೆ ಮಾತಿಗೆ ಕೂರುವವನು. ಪಂಪವ್ವ ಮುದ್ರೆಯನ್ನು ತೋಪಿನ ಮೇಲೆ ಹಿಡಿದಳು.

“ಒತ್ತು ತಂಗಿ. ನನ್ನ ಮನಿ ದಂಡಿ ಮ್ಯಾಲೇ ಐತಿ, ಗುರಿ ತಪ್ಪಂಗಿಲ್ಲ,” ಎಂದು ಹುಲಿಗೆವ್ವ ನಕ್ಕಳು. “ಹೋದ ಸಲ ನಮ್ಮ ಚುನಾವಣ್ಯಾಗ ನಾನೂ ತೋಪಿಗೇ ಒತ್ತಿದ್ದೆ. ಪಕ್ಕದಾಗಿನ ಹೆಬ್ಬೆಟ್ಟು ನಿಂದ ಇತ್ತು.”

ಪಂಪವ್ವ ತನ್ನ ಹೆಬ್ಬೆರಳನ್ನು ನೋಡಿಕೊಂಡಳು. ತಮ್ಮನ ಕಾಲು ತೆಗೆದ ತೋಪಿಗೆ ಸಾಕ್ಷಿಯಾಗಿದ್ದು ಇದೇ ಬೆರಳು. ಅವಳು ಮುದ್ರೆಯನ್ನು ಸರಿಸಿ ಸೇತುವೆಯ ಮೇಲೆ ಒತ್ತಿದಳು.

ಹುಲಿಗೆವ್ವನ ನಗು ನಿಂತಿತು. ಚೀಟಿಯನ್ನು ಎರಡು ಸಲ ನೋಡಿ ಹೆಬ್ಬೆಟ್ಟು ಒತ್ತಿದಳು. ಆಮೇಲೆ, ತನಗೆಂದು ಮಡಿಸಿದ್ದ ಎಲೆಯನ್ನು ಪಂಪವ್ವನ ಕೈಗಿಟ್ಟಳು.

“ಮುಂದಿನ ವರ್ಷ ನಮ್ಮ ಸರದಿ. ಬರೋವಾಗ ನಿನ್ನ ತಮ್ಮನ್ನೂ ಕರಕೊಂಡು ಬಾ,” ಎಂದಳು. “ನಾ ಒತ್ತೋವಾಗ ಅವ ಎದುರಿಗಿರಲಿ.”