ಹೀರೋ ಎಂಟ್ರಿ

"ಅಮ್ಮಾ, ಟ್ರ್ಯಾಕ್ಟರ್ ಇಲ್ಲಿ ಹೂತುಹೋಗಬೇಕು," ಎಂದು ನಿರ್ದೇಶಕ ಗದ್ದೆಯ ಮೂಲೆಯ ಕೆಸರನ್ನು ತೋರಿಸಿದ.

ಮಂಗಳಗೌರಿ ಸೀಟಿನಿಂದಲೇ ಬಗ್ಗಿ ನೋಡಿದಳು. "ಇಲ್ಲಿ ಹೂತ್ಕೊಳ್ಳಲ್ಲ ಸಾ. ಲೋ ಗೇರಿಗೆ ಹಾಕುದ್ರೆ ಸಲೀಸಾಗಿ ಬತ್ತದೆ."

"ಬರಬಾರದು. ಅದೇ ಸೀನು."

ನರಸೀಪುರದಿಂದ ತಲಕಾಡಿಗೆ ಹೋಗುವ ದಾರಿಯ ಆ ಗದ್ದೆಯಲ್ಲಿ ಬೆಳಗಿನಿಂದ ಧಾರಾವಾಹಿಯೊಂದರ ಚಿತ್ರೀಕರಣ ನಡೆದಿತ್ತು. ಒಬ್ಬಳೇ ಬೇಸಾಯ ಮಾಡಿ ಗೆಲ್ಲುವ ಹೆಣ್ಣಿನ ಕಥೆ. ನಾಯಕಿಯಾಗಿದ್ದ ನಟಿಗೆ ಟ್ರ್ಯಾಕ್ಟರ್ ಓಡಿಸಲು ಬರುತ್ತಿರಲಿಲ್ಲ. ಹಾಗಾಗಿ ಟ್ರ್ಯಾಕ್ಟರಿನ ಒಡತಿ ಮಂಗಳಗೌರಿಯೇ ನಟಿಯ ನೀಲಿ ಸೀರೆ ಉಟ್ಟು, ತಲೆತುಂಬ ಸೆರಗು ಹೊದ್ದು, ಕ್ಯಾಮೆರಾಕ್ಕೆ ಬೆನ್ನು ತೋರಿಸಿ ಮೂರು ಸಲ ಉತ್ತಿದ್ದಳು. ಗಂಡ ಬೆಟ್ಟಸ್ವಾಮಿ ನಂಜನಗೂಡಿನ ಫ್ಯಾಕ್ಟರಿಗೆ ರಜೆ ಹಾಕಿ ಬದುವಿನ ಮೇಲೆ ನಿಂತು ನೋಡುತ್ತಿದ್ದ.

"ಇದು ಸ್ಟ್ರಾಂಗ್ ಎಣ್ಣಿನ ಕತೆ ಅಂದ್ರಲ್ಲ ಸಾ?"

"ಸ್ಟ್ರಾಂಗೇ ಅಮ್ಮಾ. ಆದ್ರೆ ಇವತ್ತು ಹೀರೋ ಎಂಟ್ರಿ. ಇವಳು ಸಿಕ್ಕಿಹಾಕ್ಕೊಂಡ್ರೆ ತಾನೆ ಅವನು ಬಂದು ಎತ್ತೋದು?"

ಮಂಗಳಗೌರಿ ಇಂಜಿನ್ ಆಫ್ ಮಾಡಿದಳು. ಟ್ರ್ಯಾಕ್ಟರ್ ಓಡಿಸುವುದು ಮಾವ ಕಲಿಸಿದ ಕೆಲಸ. ಮಾವ ತೀರಿಕೊಂಡ ಮೇಲೆ, ಊರಿನವರು ಅವಳನ್ನು ನಂಬಿ ತಮ್ಮ ಗದ್ದೆಗೆ ಕರೆಯುವುದಕ್ಕೆ ನಾಲ್ಕು ವರ್ಷ ಹಿಡಿದಿತ್ತು.

"ನನ್ ಮುಕ ಕಾಣ್ದಿದ್ರೂ ಗಾಡಿ ಗುರ್ತು ಊರ್ಗೆಲ್ಲ ಅದೆ. ಮಂಗ್ಳಗೌರಿ ಹೂತಾಕ್ಕೊಂಡ್ಳು ಅಂತ ನಾಳಿಕೆ ಆಡ್ಕೊತಾರೆ. ನಾನ್ ಮಾಡಲ್ಲ ಸಾ," ಎಂದವಳೇ ಇಳಿದು, ಸೀರೆ ಬದಲಿಸಿಕೊಂಡು ಬಂದುಬಿಟ್ಟಳು.

ಬಿಸಿಲು ಇಳಿಯುತ್ತಿತ್ತು. ನಿರ್ದೇಶಕ ತಲೆಯ ಮೇಲೆ ಕೈಯಿಟ್ಟುಕೊಂಡ. ಬೆಟ್ಟಸ್ವಾಮಿಗೆ ಸಂಕೋಚವಾಯಿತು. "ಪಾಪ, ಅಷ್ಟು ದೂರದಿಂದ ಬಂದವ್ರೆ. ಹೂತಾಕದು ತಾನೆ, ಅದೇನ್ ಮಹಾ? ಕೊಡಿ ಆ ಸೀರೆಯ," ಎಂದ. ಸಣಕಲು ಆಳು. ಪ್ಯಾಂಟಿನ ಮೇಲೆ ಸೀರೆ ಸುತ್ತಿ ಸೆರಗು ಹೊದ್ದು ಕೂತರೆ ಹಿಂದಿನಿಂದ ಗುರುತೇ ಸಿಗಲಿಲ್ಲ. ಮಂಗಳಗೌರಿ ಬೇಡವೆನ್ನುವಷ್ಟರಲ್ಲೇ ಗಾಡಿಯನ್ನು ಕೆಸರಿಗೆ ನುಗ್ಗಿಸಿ ಆಕ್ಸಿಲರೇಟರ್ ಒತ್ತಿದ. ಹಿಂದಿನ ಚಕ್ರಗಳು ನಿಂತಲ್ಲೇ ತಿರುಗಿ ಅರ್ಧಕ್ಕೆ ಇಳಿದವು.

"ಕಟ್! ಸೂಪರ್!" ನಿರ್ದೇಶಕ ಚಪ್ಪಾಳೆ ತಟ್ಟಿದ.

ಆದರೆ ಈಗ ಅದನ್ನು ಎತ್ತುವವರು ಯಾರು? ಹೀರೋನ ಪಾತ್ರದ ನಟನಿಗೆ ಕಾರಷ್ಟೇ ಬರುತ್ತಿತ್ತು. ಬೆಟ್ಟಸ್ವಾಮಿ ಎರಡು ಸಲ ಪ್ರಯತ್ನಿಸಿದ. ಗಾಡಿ ಇನ್ನಷ್ಟು ಇಳಿಯಿತು. ಮೈತುಂಬ ಕೆಸರು ಹಾರಿಸಿಕೊಂಡು ಅವನು ಹೆಂಡತಿಯ ಕಡೆ ನೋಡಿದ.

"ಇಳೀರಿ, ನಾನ್ ತಗೀತೀನಿ," ಎಂದಳು ಮಂಗಳಗೌರಿ.

ನಿರ್ದೇಶಕನ ಮುಖ ಅರಳಿತು. ಹೀರೋನ ಚೌಕುಳಿ ಅಂಗಿಯನ್ನೇ ಬಿಚ್ಚಿಸಿ ತಂದುಕೊಟ್ಟ. ಅವಳು ಅಂಗಿಯನ್ನೊಮ್ಮೆ, ಗಾಡಿಯನ್ನೊಮ್ಮೆ ನೋಡಿದಳು. ಕತ್ತಲಾಗುವುದರೊಳಗೆ ಗಾಡಿ ಮೇಲೆ ಬರಬೇಕಿತ್ತು. ಅಂಗಿ ತೊಟ್ಟು, ಜಡೆಯನ್ನು ಅದರೊಳಗೆ ಸೇರಿಸಿ, ತಲೆಗೆ ಟವೆಲ್ ಸುತ್ತಿದಳು. ಚಕ್ರದಡಿಗೆ ತೆಂಗಿನ ಗರಿ ತುರುಕಿಸಿದಳು. ಲೋ ಗೇರಿಗೆ ಹಾಕಿ, ಕ್ಲಚ್ಚನ್ನು ಉಸಿರು ಬಿಟ್ಟಷ್ಟು ನಿಧಾನವಾಗಿ ಬಿಟ್ಟಳು. ಗಾಡಿ ಒಮ್ಮೆ ಮುಕ್ಕರಿದು, ಕೆಸರು ಉಗುಳುತ್ತ ಬದುವಿಗೆ ಹತ್ತಿತು.

ಮನೆಗೆ ಬಂದ ಮೇಲೆ ಇಬ್ಬರೂ ಆ ಸಂಗತಿಯನ್ನು ಯಾರಿಗೂ ಹೇಳಲಿಲ್ಲ.

ಹದಿನೈದು ದಿನದ ಮೇಲೆ, ಸಂಜೆ ಏಳಕ್ಕೆ ಆ ಕಂತು ಬಂತು. ಬೆಟ್ಟಸ್ವಾಮಿಯ ತಾಯಿ ರಾಮಮ್ಮ ಅಕ್ಕಪಕ್ಕದ ಹೆಂಗಸರನ್ನೆಲ್ಲ ಕರೆದು ಟಿ.ವಿ. ಮುಂದೆ ಕೂರಿಸಿದ್ದಳು. ನೀಲಿ ಸೀರೆಯವಳು ಕೆಸರಿನಲ್ಲಿ ಸಿಕ್ಕಿಕೊಂಡಳು. ನಟಿಯ ಅಳುಮುಖ ಕಂಡಿತು. ಚೌಕುಳಿ ಅಂಗಿಯವನು ಬಂದು ಗಾಡಿಯನ್ನು ಎತ್ತಿದ. ನಟನ ನಗುಮುಖ ಕಂಡಿತು.

"ಗಂಡ್ಸು ಅಂದ್ರೆ ಇಂಗಿರ್ಬೇಕು ಕನ್ರವ್ವ," ಎಂದಳು ರಾಮಮ್ಮ. "ಎಂಗುಸ್ರು ಎಷ್ಟ್ ಮಾಡುದ್ರೂ ಅಷ್ಟೇಯ."

ಮಂಗಳಗೌರಿ ಅವರೆಕಾಯಿ ಸುಲಿಯುತ್ತಲೇ ಇದ್ದಳು. ಅವಳು ಬಾಯಿ ಬಿಡುವುದಿಲ್ಲವೆಂದು ಬೆಟ್ಟಸ್ವಾಮಿಗೆ ಗೊತ್ತಿತ್ತು. ಅದೇ ಅವನನ್ನು ಸುಮ್ಮನೆ ಕೂರಗೊಡಲಿಲ್ಲ.

"ಅವ್ವ, ಸೀರೆ ಉಟ್ಟಿರೋನು ನಾನು," ಎಂದ. "ಹೂತಾಕ್ದೋನೂ ನಾನೆ. ಆ ಅಂಗಿ ಆಕ್ಕಂಡು ಎತ್ತುದ್ದು ನಿನ್ ಸೊಸೆ."

ರಾಮಮ್ಮ ಮಗನನ್ನು ನೋಡಿದಳು, ಸೊಸೆಯನ್ನು ನೋಡಿದಳು. ಟಿ.ವಿ.ಯಲ್ಲಿ ನಾಯಕಿ ಕಣ್ಣೊರೆಸಿಕೊಂಡು, ನೀವಿಲ್ಲದಿದ್ದರೆ ನನ್ನ ಗತಿ ಏನಾಗುತ್ತಿತ್ತು ಎಂದು ಹೀರೋಗೆ ಕೈ ಮುಗಿಯುತ್ತಿದ್ದಳು.

ರಾಮಮ್ಮ ಅತ್ತ ಬೆರಳು ತೋರಿಸಿದಳು. "ಅಂಗಾರೆ ಇವ್ಳು ಯಾರ್ಗೆ ಕೈ ಮುಗೀತಾವ್ಳೆ?"