ತಟ್ಟೆಯ ಜಾಗ

ಕಿಟಕಿಯ ಕೆಳಗಿನ ಮೇಜಿನ ಮೇಲೆ ಬಿಸಿಲಿಗೆ ಹಾಸಿದ್ದ ಚರ್ಮವನ್ನು ಕಂಡದ್ದೇ ತಡ, ನಾಳೆಯಪ್ಪ ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ನುಗ್ಗಿದ. ತಂಗಿಯ ಮನೆಗೆ ಹೋಗಿದ್ದವನು ವಾರ ಕಳೆದು ಆಗಷ್ಟೇ ಬಂದಿದ್ದ.

"ಇದನ್ನ ಯಾರು ಹೊರಗೆ ತೆಗೆದಿದ್ದು?"

"ನಾನೇ ಅಪ್ಪ," ಅಂದಳು ಮಗಳು. ಬ್ಯಾಗೊಂದರ ಅಂಚಿಗೆ ಮೇಣ ಸವರಿ ತಿಕ್ಕುತ್ತ ಕೂತಿದ್ದವಳ ಮುಖ ಅರಳಿತು. "ಲೈನಿಂಗಿಗೆ ಕಪ್ಪು ಬಟ್ಟೆ ಬೇಕಾಗಿತ್ತು. ಪೆಟ್ಟಿಗೆ ತಳದಲ್ಲಿದ್ದ ಸುರುಳಿ ಬಿಚ್ಚಿದ್ರೆ ಒಳಗೆ ಇದು! ಇಷ್ಟು ಒಳ್ಳೇ ಚರ್ಮ ಸುತ್ತಿಟ್ಟು ಮರ್ತೇಬಿಟ್ಟಿದೀಯಲ್ಲ. ನಡುವೆ ಎಂಥದೋ ದುಂಡಗೆ ಬಿಳೀ ಕಲೆ ಇತ್ತು. ನೀನು ಹೋದ ದಿನಾನೇ ಎಣ್ಣೆ ಸವರಿ ಬಿಸಿಲಿಗೆ ಹಾಕ್ದೆ. ಈಗ ನೋಡು, ಹುಡುಕಿದ್ರೂ ಸಿಗಲ್ಲ."

ಅವನು ಹುಡುಕಿದ. ಬಗ್ಗಿ, ಬೆಳಕಿಗೆ ಓರೆಯಾಗಿ ನಿಂತು ನೋಡಿದ. ಅಂಗೈಯಲ್ಲಿ ಸವರಿ ನೋಡಿದ. ಈ ಅಂಚಿನಿಂದ ಆ ಅಂಚಿನವರೆಗೆ ಒಂದೇ ಜೇನಿನ ಬಣ್ಣ. ಹೆಸರಿಡುವ ಹಾಗಿರಲಿಲ್ಲ ಮಗಳ ಕೆಲಸ, ಅವನೇ ಕಲಿಸಿದ್ದಲ್ಲವೇ.

ನಾಳೆಯಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಬ್ಯಾಗು ಕೇಳಲು ಬಂದವರಿಗೆಲ್ಲ "ನಾಳೆ ಬನ್ನಿ" ಅನ್ನುತ್ತಿದ್ದನೆಂದು ಬೀದಿಯವರು ಅಂಟಿಸಿದ್ದು. ಗಿರಾಕಿಗಳು ಗೊಣಗುತ್ತ ಹೋಗಿ ಗೊಣಗುತ್ತಲೇ ಮತ್ತೆ ಬರುತ್ತಿದ್ದರು. ಅವನು ಮಾಡಿದ ಬ್ಯಾಗಿನೊಳಗೆ ಕೈಹಾಕಿದರೆ ಲೈನಿಂಗಿನ ಒಂದು ಸುಕ್ಕೂ ಬೆರಳಿಗೆ ತಾಗುತ್ತಿರಲಿಲ್ಲ. ಹೊರಗಿನವರಿಗೆ "ನಾಳೆ ಬನ್ನಿ" ಆದರೆ ಮನೆಯವಳಿಗೆ "ಅಲ್ಲಿಡು". ತಟ್ಟೆ ತಂದು ನಿಂತ ಹೆಂಡತಿಗೆ ತಲೆ ಎತ್ತದೆ ಹೇಳುತ್ತಿದ್ದ ಮಾತು ಅದೊಂದೇ.

ಆ ಕಲೆ ಬಿದ್ದ ದಿನವೂ ಹಾಗೇ ಅಂದಿದ್ದ. ಮಗಳು ಆಗ ಶಾಲೆಗೆ ಹೋಗುತ್ತಿದ್ದಳು. ಮೇಜಿನ ತುಂಬ ಹೊಸದಾಗಿ ಬಂದ ಇದೇ ಚರ್ಮ, ಮರದ ತೊಗಟೆಯಲ್ಲಿ ಹದ ಮಾಡಿದ್ದು. ಮೊದಲಿಗೆ ಬಿಳುಪಾಗಿದ್ದು, ಬಿಸಿಲು ಕುಡಿದಷ್ಟೂ ಬಣ್ಣ ಏರುವ ಜಾತಿ. "ಅಲ್ಲಿ" ಎಂದರೆ ಅದರ ಮೇಲಲ್ಲದೆ ಬೇರೆ ಜಾಗವೇ ಇರಲಿಲ್ಲ. ಹೆಂಡತಿ ತಿಂಡಿಯ ತಟ್ಟೆಯನ್ನು ಮುಚ್ಚಿಟ್ಟು ಹೋದಳು. ಮಧ್ಯಾಹ್ನ ಊಟಕ್ಕೆ ಕರೆದಾಗ "ಬಂದೆ" ಅಂದವನು ಹೋಗಲಿಲ್ಲ. ಸಂಜೆ ಹಸಿವಾಗಿ ತಟ್ಟೆ ಎತ್ತಿದರೆ, ಸುತ್ತಲ ಚರ್ಮಕ್ಕೆಲ್ಲ ಬಣ್ಣ ಏರಿ ತಟ್ಟೆಯಿದ್ದ ಜಾಗ ಮಾತ್ರ ದುಂಡಗೆ ಬೆಳ್ಳಗೆ ಉಳಿದಿತ್ತು.

ಮೈಯೆಲ್ಲ ಉರಿದುಹೋಯಿತು. ಬೀದಿಗೇ ಕೇಳುವ ಹಾಗೆ ಕೂಗಾಡಿದ. "ಕಣ್ಣು ಕಾಣಲ್ವಾ ನಿಂಗೆ? ಚರ್ಮದವನ ಜೊತೆ ಇಷ್ಟು ವರ್ಷ ಸಂಸಾರ ಮಾಡಿ ಇಷ್ಟೂ ತಿಳಿಯಲ್ವಾ?"

ಅವಳು ಕಲೆಯನ್ನು ನೋಡಿದಳು, ಅವನನ್ನು ನೋಡಿದಳು. ಆರಿಹೋದ ತಟ್ಟೆಯನ್ನು ಕೈಗೆತ್ತಿಕೊಂಡಳು.

"ನಾನು ಇಟ್ಟಿದ್ದು ಬೆಳಿಗ್ಗೆ," ಅಂದಳು. ಅಷ್ಟೇ.

ಆಮೇಲೆ ಬದುಕಿರುವವರೆಗೂ ಅವಳು ಈ ಕೋಣೆಯ ಹೊಸ್ತಿಲು ದಾಟಲಿಲ್ಲ. ಜಗಳವಿಲ್ಲ, ಮುನಿಸಿಲ್ಲ, ಬಾಗಿಲಲ್ಲೇ ನಿಂತು "ಊಟಕ್ಕಿಟ್ಟಿದೀನಿ" ಅಂದು ತಿರುಗಿ ಹೋಗುತ್ತಿದ್ದಳು. ಅಸಲಿಗೆ ಚರ್ಮವೇನೂ ಹಾಳಾಗಿರಲಿಲ್ಲ. ಇನ್ನಷ್ಟು ದಿನ ಬಿಸಿಲಿಗೆ ಬಿಟ್ಟಿದ್ದರೆ ಕಲೆ ತಾನಾಗಿ ಕೂಡಿಕೊಳ್ಳುತ್ತಿತ್ತು, ಅದು ಅವನಿಗೆ ಕೂಗಾಡುವಾಗಲೂ ಗೊತ್ತಿತ್ತು. ಹಟಕ್ಕೆ ಬಿದ್ದು ಅದನ್ನು ಸುತ್ತಿ ಪೆಟ್ಟಿಗೆಗೆ ಎಸೆದಿದ್ದ. ಆ ಬಿಳಿ ದುಂಡು ಅವಳ ತಪ್ಪಿನ ಗುರುತಲ್ಲ, ಅವಳು ತಂದದ್ದನ್ನು ಮುಟ್ಟದೆ ತಾನು ಕೂತಿದ್ದ ಹೊತ್ತಿನ ಗುರುತು ಎಂದು ಹೊಳೆಯುವುದಕ್ಕೆ ಕಾಲ ಹಿಡಿಯಿತು. ಹೊಳೆದ ಮೇಲೂ ಅವಳೆದುರು ಬಾಯಿ ಬರಲಿಲ್ಲ. ನಾಳೆ ಹೇಳಿದರಾಯಿತು ಅಂದುಕೊಂಡ. ಹಾಗೆ ಅಂದುಕೊಳ್ಳುತ್ತಿರುವಾಗಲೇ ಅವಳು ಹಾಸಿಗೆ ಹಿಡಿದಳು, ಹೋಗಿಯೂಬಿಟ್ಟಳು. ಆಮೇಲೆ ಆ ಚರ್ಮಕ್ಕೆ ಬೆಳಕು ಸೋಕದಿರಲೆಂದು ಲೈನಿಂಗಿನ ಕಪ್ಪು ಬಟ್ಟೆ ಸುತ್ತಿಟ್ಟ. ಯಾರೂ ಇಲ್ಲದಾಗ ಬಾಗಿಲು ಹಾಕಿಕೊಂಡು ಬಿಚ್ಚಿ ನೋಡುತ್ತಿದ್ದ. ಮಗಳಿಗೂ ಹೇಳಿರಲಿಲ್ಲ.

"ಯಾಕಪ್ಪ, ತಪ್ಪು ಮಾಡಿದ್ನಾ?" ಮಗಳ ಕೈ ನಿಂತಿತ್ತು.

ಆ ಹಳೆಯ ಕೂಗು ಗಂಟಲಿನವರೆಗೆ ಬಂತು. ಅದನ್ನು ನುಂಗಿಕೊಂಡ. "ಇಲ್ಲಮ್ಮ. ಚೆನ್ನಾಗಿ ಮಾಡಿದೀಯ."

"ಅಯ್ಯೋ, ನಿನ್ನ ಬಾಯಲ್ಲಿ ಈ ಮಾತಾ! ಇರು, ಬಸ್ಸಿಳಿದು ಏನೂ ತಿಂದಿರಲ್ಲ ನೀನು." ಒಳಗೆ ಹೋದವಳು ಹಬೆಯಾಡುವ ಊಟದ ತಟ್ಟೆ ಹಿಡಿದು ಬಂದಳು. ಮೇಜಿನ ಮೇಲೆಲ್ಲ ಚರ್ಮ, ನೆಲದ ಮೇಲೆಲ್ಲ ಕತ್ತರಿಸಿದ ಚೂರು. ಎಲ್ಲಿಡುವುದೆಂದು ಸುತ್ತ ನೋಡಿದಳು.

"ಅಲ್ಲಿಡು," ಅಂದ ಅವನು, ಚರ್ಮದ ನಡುವಿಗೆ ಬೆರಳು ತೋರಿಸಿ.

"ಇದರ ಮೇಲಾ?"

"ಹೂಂ. ಅಲ್ಲೇ."

ಅವಳು ಅನುಮಾನಿಸುತ್ತಲೇ ಇಟ್ಟಳು. ಅವನು ಕೈ ತೊಳೆದು ಬಂದು ಸ್ಟೂಲಿನ ಮೇಲೆ ಕೂತ, ಆದರೆ ತಟ್ಟೆಗೆ ಕೈ ಹಾಕಲಿಲ್ಲ. ತಟ್ಟೆಯ ಸುತ್ತ ಚರ್ಮದ ಮೇಲೆ ಬಿದ್ದಿದ್ದ ಬಿಸಿಲನ್ನೇ ನೋಡುತ್ತಿದ್ದ. ಮಗಳು ನಕ್ಕುಬಿಟ್ಟಳು.

"ನನ್ನ ಕೆಲಸ ಪರೀಕ್ಷೆ ಮಾಡ್ತಿದೀಯಾ? ಇನ್ನು ನೀನು ಎಷ್ಟು ಹೊತ್ತು ಇಟ್ಟುಕೊಂಡು ಕೂತ್ರೂ ಅಲ್ಲಿ ಕಲೆ ಬೀಳಲ್ಲಪ್ಪ. ಅದು ಕುಡಿಯೋಷ್ಟು ಬಿಸಿಲು ಕುಡಿದಾಗಿದೆ. ಆರೋದಕ್ಕೆ ಮುಂಚೆ ಊಟ ಮಾಡು."